ಗೋಡೆಮಿಣುಕಿನ ಬಣ್ಣ

ಕಳೆಯಕ್ಕನಿಗೆ ಹೂವೆಂದರೆ ಆಗುತ್ತಿರಲಿಲ್ಲ. ದ್ವೇಷವೇನೂ ಅಲ್ಲ, ಕಸುಬಿನ ಮಾತು. ಇಪ್ಪತ್ತಾರು ವರ್ಷ ನಗರಸಭೆಯ ಬೀದಿಗಳಲ್ಲಿ ಕಳೆ ಕಿತ್ತವಳ ಕಣ್ಣಿಗೆ ಹೂ ಬಿತ್ತೆಂದರೆ ಅವಳು ತಡಮಾಡಿದಳು ಎಂದೇ ಲೆಕ್ಕ. ಹೂ ಬಿಟ್ಟ ಗಿಡ ಬೀಜ ಉದುರಿಸುತ್ತದೆ. ಬೀಜ ಉದುರಿದರೆ ಮುಂದಿನ ವರ್ಷ ಅದೇ ಬಿರುಕಿನಲ್ಲಿ ಒಂದರ ಬದಲು ನೂರು. ಆದ್ದರಿಂದ ಎಲೆಯಲ್ಲೇ ಗುರುತು ಹಿಡಿಯಬೇಕು, ಮೊಗ್ಗು ಕಟ್ಟುವ ಮೊದಲೇ ಬೇರುಸಮೇತ ಎಳೆಯಬೇಕು. ಕೆಲಸಕ್ಕೆ ಸೇರಿದ ದಿನ ಹಳೆಯ ಮೇಸ್ತ್ರಿ ಹೇಳಿಕೊಟ್ಟ ಪಾಠವೂ ಇಷ್ಟೇ: "ಹೂ ಕಂಡ್ರೆ ಕೆಲಸ ಕೆಟ್ಟಿತು ಅಂತ ತಿಳ್ಕೋ." ಅವಳು ತಿಳಿದುಕೊಂಡಳು. ಅವಳ ಬೀದಿಗಳಲ್ಲಿ ಹೂ ಕಂಡವರಿಲ್ಲ.

ಕಳೆಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಕಾಗದದಲ್ಲಿ ಬೇರೆ ಹೆಸರಿತ್ತು, ಅದನ್ನು ಕರೆಯುವವರು ಯಾರೂ ಇರಲಿಲ್ಲ. ಮೊನೆ ಬಗ್ಗಿದ ಪುಟ್ಟ ಕುಡುಗೋಲು, ಮೊಣಕಾಲಿಗೆ ಕಟ್ಟಿಕೊಳ್ಳಲು ಹಳೆಯ ಟೈರಿನ ಎರಡು ತುಂಡು, ಬೆನ್ನಿಗೊಂದು ಗೋಣಿಚೀಲ. ಇಷ್ಟು ಹಿಡಿದು ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಎರಡು ಬೀದಿಯ ಕಾಲುಹಾದಿ ತಲೆ ಬೋಳಿಸಿದ ಹಾಗೆ ನುಣ್ಣಗಾಗುತ್ತಿತ್ತು. ಕುಡುಗೋಲು ಹೆಸರಿಗೆ ಮಾತ್ರ. ಹೆಚ್ಚಿನದೆಲ್ಲ ಬೆರಳಿನ ಕೆಲಸ. ಬುಡಕ್ಕೆ ಹೆಬ್ಬೆರಳು ಒತ್ತಿ, ಎಡಕ್ಕೆ ಅರ್ಧ ತಿರುವಿ ಎಳೆದರೆ ಬೇರು ಮುರಿಯದೆ ಬರುತ್ತದೆ. ಬಲಕ್ಕೆ ತಿರುವಿದರೂ ಬರುತ್ತದೋ ಏನೋ, ಅವಳು ಪರೀಕ್ಷೆ ಮಾಡಲು ಹೋಗಿರಲಿಲ್ಲ.

ಗಿಡಗಳ ಪುಸ್ತಕದ ಹೆಸರು ಅವಳಿಗೆ ಒಂದೂ ಗೊತ್ತಿರಲಿಲ್ಲ. ತನ್ನದೇ ಹೆಸರು ಇಟ್ಟುಕೊಂಡಿದ್ದಳು. ಎಷ್ಟು ಕಿತ್ತರೂ ನೆಲದೊಳಗೆ ಒಂದು ತುಂಡು ಉಳಿಸಿಕೊಂಡು ಮತ್ತೆ ತಲೆ ಎತ್ತುವುದು ಅತ್ತೆ. ಒಂದೇ ಸಂದಿಯಲ್ಲಿ ಹುಟ್ಟಿ ಒಂದನ್ನೊಂದು ಒತ್ತರಿಸುತ್ತಾ ಬೆಳೆಯುವ ಎರಡು ಜಾತಿ ಓರಗಿತ್ತಿಯರು. ಬಟ್ಟೆಗೆ ಅಂಟಿಕೊಂಡು ಮನೆಯವರೆಗೂ ಬಂದುಬಿಡುವುದು ನೆಂಟ. ಮೈತುಂಬ ಮುಳ್ಳಿದ್ದರೂ ಎಳೆದರೆ ಮೆತ್ತಗೆ ಬಂದುಬಿಡುವುದು ಭಾವ. ಅವಳ ಗಂಡ ದರ್ಜಿ ಅಂಗಡಿಗಳ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹಾಕಿಕೊಡುವವನು. ಬಾಯಲ್ಲಿ ದಾರ ಕಚ್ಚಿಕೊಂಡೇ ಒಮ್ಮೆ ಕೇಳಿದ್ದ:

"ಹಂಗಾದ್ರೆ ನಾನು ಯಾವ್ದೇ?"

"ನೀವು ಹುಲ್ಲು ರೀ. ತುಳಿದ್ರೂ ಸರಿ, ಬಿಟ್ರೂ ಸರಿ, ಸುಮ್ನೆ ಇರ್ತೀರಿ."

ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಅಂಥ ಮನುಷ್ಯ.

ಅವಳ ಪಾಲಿನ ಬೀದಿಗಳ ಕೊನೆಯಲ್ಲಿ ನಿಂತು ಹೋದ ನೂಲಿನ ಗಿರಣಿಯ ಉದ್ದನೆಯ ಗೋಡೆ ಇತ್ತು. ನಲವತ್ತು ವರ್ಷದ ಹಿಂದೆ ಗಿರಣಿ ಮುಚ್ಚಿತು. ಯಂತ್ರ ಹೋಯಿತು, ಚಾವಣಿ ಹೋಯಿತು, ಗೋಡೆ ಉಳಿಯಿತು. ಅದರ ಹಳೆಯ ಸುಣ್ಣದ ಗಾರೆಯ ಬಿರುಕುಗಳಲ್ಲಿ ಮಾತ್ರ ಒಂದು ಗಿಡ ಹುಟ್ಟುತ್ತಿತ್ತು. ಉಗುರಿನಷ್ಟು ಎಲೆ, ಅಂಚು ಗರಗಸ, ಅಡಿಮೈ ತುಪ್ಪಳ, ಬೇರು ಬಿಳಿ ದಾರದ ಎಳೆ, ಹಿಸುಕಿದರೆ ಎಳೆ ಸೌತೆಕಾಯಿಯ ವಾಸನೆ. ಹಳಬರು ಅದನ್ನು ಗೋಡೆಮಿಣುಕು ಎನ್ನುತ್ತಿದ್ದರು. ಬೇರೆ ಬೀದಿಯಲ್ಲಿ ಇಲ್ಲ, ಬಯಲಲ್ಲಿ ಇಲ್ಲ, ಎಲ್ಲಿಯೂ ಇಲ್ಲ. ಕಳೆಯಕ್ಕ ಅದನ್ನು ತಿಂಗಳಿಗೆರಡು ಸಲ ತಪ್ಪದೆ ಕಿತ್ತಳು. ಸಾವಿರ ಗಿಡ ಕಿತ್ತಿರಬಹುದು, ಎರಡು ಸಾವಿರವೂ ಇರಬಹುದು. ಗಾರೆಯೊಳಗೆ ಹಳೆಯ ಬೀಜ ಎಷ್ಟು ಉಳಿದಿತ್ತೋ, ಮತ್ತೆ ಹುಟ್ಟುತ್ತಲೇ ಇತ್ತು.

ಹೀಗಿರುವಾಗ ಬೀದಿಯವರಿಗೆ ಆ ಗೋಡೆಯ ಮೇಲೆ ಚಿತ್ರ ಬರೆಸುವ ಉಮೇದು ಬಂತು. ಮುಂದೆ ನಿಂತವರು ನಿವೃತ್ತಿಯಾದ ಟೀಚರು. ಗೋಡೆಯ ತುಂಬ ಬೀದಿಯ ಚರಿತ್ರೆ ಬರಬೇಕು, ಅದರ ನಡುವೆ ಈ ನೆಲದಲ್ಲಿ ತಾನಾಗಿ ಹುಟ್ಟುವ ಹೂಗಳು ಬರಬೇಕು, ಅಂಗಡಿಯಲ್ಲಿ ಕುಂಡದಲ್ಲಿ ಮಾರುವ ಹೂ ಒಂದೂ ಬರಕೂಡದು ಎಂದು ಅವರ ಹಟ. ಚಿತ್ರ ಬರೆಯಲು ಒಬ್ಬಳು ಹುಡುಗಿ ಒಪ್ಪಿದಳು. ಹೂಗಳ ವಿಷಯ ಯಾರನ್ನು ಕೇಳುವುದು? ಟೀಚರು ನೆಟ್ಟಗೆ ಕಾಲುಹಾದಿಗೆ ಬಂದು, ಮಂಡಿಯೂರಿದ್ದ ಕಳೆಯಕ್ಕನ ಎದುರು ನಿಂತರು.

"ಇಲ್ಲಿ ತಾನಾಗಿ ಹುಟ್ಟೋದ್ರ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಮ್ಮ? ಭಾನುವಾರ ವಾಚನಾಲಯಕ್ಕೆ ಬನ್ನಿ."

ಕಟುಕನನ್ನು ಕರೆದು ಕುರಿಯ ವಂಶಾವಳಿ ಕೇಳಿದ ಹಾಗಾಯಿತು ಎಂದು ಯಾರಾದರೂ ನಗಬಹುದಿತ್ತು. ಆದರೆ ಆ ಬೀದಿಯಲ್ಲಿ ಅಂಥ ತಲೆ ಓಡಿಸುವವರು ಕಡಿಮೆ, ಕಳೆಯಕ್ಕನಿಗಂತೂ ಆ ಕ್ಷಣ ಕಾಲು ನೆಲಕ್ಕೆ ತಾಗಲಿಲ್ಲ. ವಾಚನಾಲಯದ ಮೆಟ್ಟಿಲ ಸಂದಿಯ ಕಳೆ ಕಿತ್ತಿದ್ದಳೇ ಹೊರತು ಮೆಟ್ಟಿಲು ಹತ್ತಿರಲಿಲ್ಲ.

ಭಾನುವಾರ ಅವಳಿಗೆ ಕುರ್ಚಿ ಕೊಟ್ಟರು. ಬೆನ್ನಿರುವ ಕುರ್ಚಿ. ಟೀ ಬಂತು, ಕಪ್ಪಿನ ಕೆಳಗೆ ಬಸಿ ಇತ್ತು. ಚಿತ್ರದ ಹುಡುಗಿ ಹಳದಿ ಪೆನ್ಸಿಲು ಹಿಡಿದು ಎದುರಿಗೆ ಕೂತಳು. ಕಳೆಯಕ್ಕ ಒಂದೊಂದೇ ಗಿಡ ಹೇಳುತ್ತಾ ಹೋದಳು: ಅತ್ತೆಗೆ ಗುಲಾಬಿ ಬಣ್ಣದ ಪುಟ್ಟ ಗೊಂಚಲು, ನೆಂಟನಿಗೆ ಬಿಳಿ ದಳದ ನಡುವೆ ಹಳದಿ ಗುಂಡಿ, ಓರಗಿತ್ತಿಯರಲ್ಲಿ ಒಬ್ಬಳು ಕೆಂಪು, ಒಬ್ಬಳು ನೇರಳೆ. ಇವೆಲ್ಲ ರೈಲುಹಳಿಯ ದಿಬ್ಬದಲ್ಲಿ, ಪಾಳು ನಿವೇಶನಗಳಲ್ಲಿ, ಅಂದರೆ ಕಳೆ ಕೀಳುವವರ ಕೈ ತಲುಪದ ಕಡೆಯಲ್ಲಿ ಅವಳು ಕಂಡಿದ್ದವೇ. ಹನ್ನೊಂದು ಹೂ ಹೇಳಿದಳು, ಹನ್ನೊಂದೂ ಸರಿ. ಹೆಸರು ಕೇಳಿ ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಷ್ಟಕ್ಕೇ ಸಭೆ ಮುಗಿದಿದ್ದರೆ ಚೆನ್ನಾಗಿತ್ತು.

ಟೀಚರು ಒಂದು ಹಳೆಯ ಫೋಟೋ ಮೇಜಿನ ಮೇಲಿಟ್ಟರು. ಗಿರಣಿಯ ಗೇಟಿನ ಮುಂದೆ ಪಾಳಿ ಮುಗಿಸಿದ ಹೆಂಗಸರು ಸಾಲಾಗಿ ನಿಂತಿದ್ದಾರೆ, ಮೂವತ್ತೆಂಟು ಜನ. ಪ್ರತಿಯೊಬ್ಬಳೂ ಕುಪ್ಪಸದ ಕಾಜಾದಲ್ಲಿ ಒಂದು ಪುಟ್ಟ ಹೂ ಸಿಕ್ಕಿಸಿಕೊಂಡಿದ್ದಾಳೆ. ಗೋಡೆಮಿಣುಕು. ಮನೆಗೆ ಹೋಗುವಾಗ ಗೋಡೆಯಿಂದ ಒಂದು ಕಿತ್ತು ಸಿಕ್ಕಿಸಿಕೊಳ್ಳುವುದು ಅವರ ರೂಢಿಯಂತೆ. ಫೋಟೋ ಕಪ್ಪುಬಿಳುಪು, ಹೂ ಒಂದು ಬೂದು ಚುಕ್ಕೆ.

"ಬಣ್ಣ ಯಾವುದು?" ಚಿತ್ರದ ಹುಡುಗಿ ಕೇಳಿದಳು.

"ನೀಲಿ," ಎಂದಳು ಮೂಲೆಯಲ್ಲಿದ್ದ ಕದಿರಜ್ಜಿ.

ಕದಿರಜ್ಜಿ ಆ ಫೋಟೋದಲ್ಲಿ ಎಡದಿಂದ ನಾಲ್ಕನೆಯವಳು. ಗಿರಣಿಯಲ್ಲಿ ಹನ್ನೆರಡು ವರ್ಷ ನೂಲು ಸುತ್ತುವ ಕದಿರು ನೋಡಿಕೊಂಡವಳು, ಆ ಮೂವತ್ತೆಂಟರಲ್ಲಿ ಬದುಕಿದ್ದವಳು ಅವಳೊಬ್ಬಳೇ. ಮನೆ ಗೋಡೆಯ ಎದುರಿಗೇ. ಆದರೆ ಈಚೆಗೆ ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು, ಸೊಸೆಯನ್ನು ಮಗಳ ಹೆಸರಿನಿಂದ ಕರೆಯುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ಸೊಸೆ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು: "ಅತ್ತೆಗೆ ಈಗೀಗ ಮರೆವು ಜಾಸ್ತಿ." ಪುಸ್ತಕದಂಗಡಿಯವನು ಬಿಳಿ ಎಂದು ತನ್ನ ಅಪ್ಪ ಹೇಳುತ್ತಿದ್ದ ಎಂದ. ನೀಲಿ, ಬಿಳಿ ಎಂದು ಎರಡು ಸುತ್ತು ಮಾತಾಯಿತು. ಕೊನೆಗೆ ಟೀಚರು ಕಳೆಯಕ್ಕನ ಕಡೆ ತಿರುಗಿದರು.

"ಇಪ್ಪತ್ತಾರು ವರ್ಷ ಆ ಗೋಡೆ ಬುಡದಲ್ಲೇ ಇದ್ದೀರಿ. ನಿಮಗೆ ಗೊತ್ತಿರಬೇಕಲ್ಲ ಅಮ್ಮ?"

ಎಲ್ಲರ ಮುಖ ಅವಳ ಕಡೆಗಾಯಿತು. ಅವಳಿಗೆ ಎಲೆ ಗೊತ್ತು, ಬೇರು ಗೊತ್ತು, ವಾಸನೆ ಗೊತ್ತು. ಆ ಗಿಡದ ಎರಡೆಲೆಯ ಸಸಿಯನ್ನು ಕತ್ತಲೆಯಲ್ಲಿ ಬೆರಳಿನಿಂದ ಮುಟ್ಟಿ ಹೇಳಬಲ್ಲಳು. ಹೂ ಮಾತ್ರ ಒಂದೇ ಒಂದು ಸಲವೂ ನೋಡಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಳು. "ನೋಡಿಲ್ಲ" ಎನ್ನುವುದು ಒಂದೇ ಮಾತು. ಆದರೆ ಬೆನ್ನಿರುವ ಕುರ್ಚಿಯಲ್ಲಿ ಕೂತು, ಬಸಿಯ ಮೇಲೆ ಕಪ್ಪಿಟ್ಟುಕೊಂಡು, ಹನ್ನೊಂದು ಹೂ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡವಳ ಬಾಯಿಂದ ಆ ಮಾತು ಹೊರಡಲಿಲ್ಲ. ಕಣ್ಣು ಎದುರಿನ ಪೆನ್ಸಿಲಿನ ಮೇಲೆ ಬಿತ್ತು.

"ಗೊತ್ತಿಲ್ದೆ ಏನು? ಹಳದಿ," ಎಂದಳು. "ಐದು ದಳ."

ಹುಡುಗಿ ಬರೆದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂಲೆಯಲ್ಲಿ ಕದಿರಜ್ಜಿ "ನೀಲಿ ಅಲ್ವೇನೇ?" ಎಂದು ಇನ್ನೊಮ್ಮೆ ಕೇಳಿದಳು, ಉತ್ತರ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಮರುವಾರ ಗೋಡೆಗೆ ಬೊಂಬಿನ ಸಾರುವೆ ಕಟ್ಟಿದರು. ಕೆಲಸ ಮುಗಿಯುವವರೆಗೆ ಆ ಬುಡಕ್ಕೆ ಕೈ ಹಾಕಬೇಡಿ ಎಂದು ಈಗಿನ ಮೇಸ್ತ್ರಿ ಹೇಳಿದ. ಗೋಡೆಯ ಮೇಲೆ ಗಿರಣಿಯ ಚಿಮಣಿ ಎದ್ದಿತು, ಬೀದಿಯ ಮೊದಲ ನಲ್ಲಿ ಬಂತು, ನೆರೆ ಬಂದಾಗ ಬಾಗಿಲ ಹಲಗೆಯ ಮೇಲೆ ತೇಲಿದ ಮುದುಕ ಬಂದ. ಅತ್ತೆ, ನೆಂಟ, ಓರಗಿತ್ತಿಯರು ಆಳೆತ್ತರ ಅರಳಿದರು. ನಡುವೆ ಆ ಮೂವತ್ತೆಂಟು ಹೆಂಗಸರು, ಒಬ್ಬೊಬ್ಬಳ ಎದೆಯ ಮೇಲೂ ಅಂಗೈಯಗಲದ ಹಳದಿ ಹೂ. ಅದರ ಮೇಲೆ ಟೀಚರಿಗೆ ಇನ್ನೊಂದು ಯೋಚನೆ ಬಂತು: ಬಲತುದಿಯಲ್ಲಿ ಕಳೆಯಕ್ಕನನ್ನೂ ಬರೆಯಬೇಕು, ಮಂಡಿಯೂರಿ ಕೂತ ಹಾಗೆ, ಕೈಯಲ್ಲಿ ಗೋಡೆಮಿಣುಕಿನ ಗೊಂಚಲು.

"ಬದುಕಿದ್ದಾಗ್ಲೇ ಗೋಡೆ ಹತ್ತಿಬಿಟ್ಯಲ್ಲೇ," ಎಂದ ಗಂಡ. ಅವನಿಗೆ ಹೆಮ್ಮೆಯಾಗಿತ್ತು, ಕಾಜಾ ಹಾಕಿದ ಅಂಗಿ ಕೊಡಲು ಹೋದ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದ. ಅವಳು ನಕ್ಕಳು. ನಕ್ಕು ಗೋಣಿಚೀಲ ಕೊಡವಲು ಹೊರಗೆ ಹೋದಳು.

ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವಳು ದಿನಾ ಕದಿರಜ್ಜಿಯ ಮನೆಯ ಮುಂದೆ ಹಾಯಬೇಕಿತ್ತು. ಅಜ್ಜಿ ಹೊಸಿಲ ಮೇಲೆ ಕೂತು ಎದುರಿನ ಗೋಡೆ ನೋಡುತ್ತಿದ್ದಳು. ಮೊದಲ ವಾರ ಅವಳಿಗೆ ಸಿಟ್ಟು: "ನೀಲಿ ಕಣೇ ಅದು. ಹನ್ನೆರಡು ವರ್ಷ ಎದೆ ಮೇಲೆ ಸಿಕ್ಕಿಸ್ಕೊಂಡಿದೀನಿ, ನಂಗೆ ಗೊತ್ತಿಲ್ವಾ?" ಕಳೆಯಕ್ಕ ಏನೋ ಕೆಲಸ ನೆನಪಾದವಳ ಹಾಗೆ ಬೇಗ ದಾಟಿಕೊಂಡಳು. ಒಂದು ತಿಂಗಳಿಗೆ, "ನೀಲಿ ಅಂತ ಅನ್ನಿಸುತ್ತಪ್ಪ. ಏನೋ." ಎರಡು ತಿಂಗಳಿಗೆ, "ಹಳದಿನೇ ಇರ್ಬೇಕು ಬಿಡು. ನೀನು ಸುಳ್ಳು ಹೇಳ್ತೀಯಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಕಳೆಯಕ್ಕ ಸೆರಗು ಸರಿಮಾಡಿಕೊಂಡಳು.

ಒಂದು ಸಂಜೆ ಅಜ್ಜಿ ತಾನಾಗಿ ಕರೆದಳು. ಮುಖ ಅರಳಿತ್ತು.

"ಬಾರೇ, ಇವತ್ತು ಒಂದು ನೆನಪಾಯ್ತು. ನನ್ನ ಜೊತೆ ಒಬ್ಳು ಇದ್ಳು, ಬಲು ಶೋಕಿ. ಹೂವಿಗೆ ಹೊಂದ್ಬೇಕು ಅಂತ ಹಳದಿ ಕುಪ್ಪಸನೇ ಹೊಲಿಸ್ಕೊಂಡಿದ್ಳು. ನಾವೆಲ್ಲ ಎಷ್ಟು ರೇಗಿಸ್ತಿದ್ವಿ ಗೊತ್ತಾ!"

ಹಳದಿ ಹುಟ್ಟಿದ್ದು ವಾಚನಾಲಯದ ಒಂದು ಪೆನ್ಸಿಲಿನಿಂದ. ಈಗ ಅದು ಅಜ್ಜಿಯ ತಲೆಯೊಳಗೆ ಬೇರು ಬಿಟ್ಟು, ಕುಪ್ಪಸ ಹೊಲಿಸಿಕೊಂಡು ಓಡಾಡುತ್ತಿತ್ತು.

ಆದರೆ ಒಂದು ಆಸೆಯೂ ಇತ್ತು. ಸಾರುವೆಯ ಕೊನೆಯ ಬೊಂಬಿನ ಹಿಂದೆ, ಗೋಡೆಯ ಬುಡದ ಬಿರುಕಿನಲ್ಲಿ ಗೋಡೆಮಿಣುಕಿನ ಒಂದು ಸಸಿ ಎದ್ದಿತ್ತು. ಮೊದಲ ದಿನ ಕಂಡಾಗ ಕೈ ತಾನಾಗಿ ಹೋಗಿ ಬುಡಕ್ಕೆ ಹೆಬ್ಬೆರಳು ಒತ್ತಿಯೂ ಆಗಿತ್ತು. ಮೇಸ್ತ್ರಿಯ ಮಾತು ನೆನಪಾಗಿ ಬಿಟ್ಟಳು. ಆಮೇಲೆ ಮೇಸ್ತ್ರಿಯ ಮಾತಿಗಾಗಿ ಅಲ್ಲ, ನೋಡುವ ಆಸೆಗೇ ಬಿಟ್ಟಳು. ನಾಲ್ಕೆಲೆಯಾಯಿತು, ಗೇಣುದ್ದವಾಯಿತು. ಮೊಗ್ಗು ಕಟ್ಟಿದಾಗ ಅವಳು ಬಾಯಿಬಿಟ್ಟೇ ಕೇಳಿಕೊಂಡಳು: "ನಮ್ಮಮ್ಮ, ಹಳದಿ ಆಗು. ನಿನ್ನ ಕಾಲಿಗೆ ಬೀಳ್ತೀನಿ." ಹೂ ಹಳದಿಯಾದರೆ ಅವಳ ಮಾತು ನಿಜ, ಅಜ್ಜಿಯದೇ ಮರೆವು, ಎಲ್ಲ ಸರಿಹೋದೀತು.

ಉದ್ಘಾಟನೆಗೆ ಐದು ದಿನವಿರುವಾಗ ಅದು ಅರಳಿತು. ನೀಲಿ. ಗಾಢವೂ ಅಲ್ಲ, ಬಹಳ ಸಲ ಒಗೆದ ಅಂಗಿಯ ತಿಳಿನೀಲಿ. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ದಳ ನಾಲ್ಕೇ. ಕಳೆಯಕ್ಕ ಟೈರಿನ ತುಂಡುಗಳ ಮೇಲೆ ಮಂಡಿಯೂರಿ ಬಹಳ ಹೊತ್ತು ಕೂತಳು. ಚೆಂದವಿತ್ತು, ಅದನ್ನು ಹೇಳದೆ ಇರಲಾಗದು. ಇಂಥದ್ದನ್ನು ಎರಡು ಸಾವಿರ ಸಲ ಅರಳಗೊಡದೆ ಕಿತ್ತೆನಲ್ಲ ಎಂದು ಅವಳಿಗೆ ಅಳು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಈ ಗಿಡ ಗೋಡೆಮಿಣುಕೇ ಎಂದು ಗುರುತು ಹಿಡಿಯಬಲ್ಲವಳು ಬೀದಿಯಲ್ಲಿ ತಾನೊಬ್ಬಳೇ. ಎಡಕ್ಕೆ ಅರ್ಧ ತಿರುವು ಸಾಕು.

ಅಷ್ಟರಲ್ಲಿ ಮೇಸ್ತ್ರಿ ಕಾಲುಹಾದಿ ಗುಡಿಸಲು ಆಳುಗಳನ್ನು ಕರೆದುಕೊಂಡು ಬಂದ. ಬುಡದಲ್ಲಿ ಗಿಡ ಕಂಡು ನಕ್ಕ.

"ಏನಕ್ಕಾ, ನಿಮ್ಮ ಕಣ್ಣಿಗೂ ಒಂದು ಗಿಡ ಮಣ್ಣೆರಚಿಬಿಡ್ತಲ್ಲ!" ಎನ್ನುತ್ತಾ ಬಗ್ಗಿ ಕೈ ಹಾಕಿದ.

ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಮುಗಿದು ಹೋಗುತ್ತಿತ್ತು, ಪಾಪ ಮೇಸ್ತ್ರಿಯ ಕೈಗೆ ಅಂಟುತ್ತಿತ್ತು. ಅವಳು ಅವನ ಮಣಿಕಟ್ಟು ಹಿಡಿದಳು.

"ಅದು ಇರ್ಲಿ."

"ಹೂ ಬಿಟ್ಟಿದೆ ಕಣಕ್ಕ!"

"ಬಿಟ್ಟಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಇವತ್ತೇ ನೋಡಿದ್ದು."

ಅಲ್ಲಿಂದ ಎದ್ದವಳು ಕೈ ಕೂಡ ತೊಳೆಯದೆ ಟೀಚರ ಮನೆಗೆ ಹೋದಳು. ದಾರಿಯಲ್ಲಿ ನಿಂತರೆ ಧೈರ್ಯ ಇಳಿದು ಹೋದೀತೆಂದು ನಿಲ್ಲಲಿಲ್ಲ. ಚಿತ್ರದ ಹುಡುಗಿಯೂ ಅಲ್ಲೇ ಇದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಟೀಚರ ಮುಖ ಕೆಂಪಾಯಿತು.

"ಅಲ್ಲಮ್ಮ, ಅಷ್ಟು ಜನರ ಮುಂದೆ! ಗೊತ್ತಿಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಕುರ್ಚಿ ಕೊಟ್ರಿ, ಬಸಿ ಇಟ್ಟು ಟೀ ಕೊಟ್ರಿ. ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಟೀಚರ್. ಈಗ ಬಂದಿದೆ, ಬೈದುಬಿಡಿ."

ಟೀಚರು ಬೈದರು. ಪಾಠ ಮಾಡಿದ ನಾಲಿಗೆ, ಚೆನ್ನಾಗಿಯೇ ಬೈದರು. ಹುಡುಗಿ ಮಾತ್ರ ಹೋಗಿ ಹೂವನ್ನು ನೋಡಿಕೊಂಡು ಬಂದು, ನೀಲಿ ಡಬ್ಬಿಯ ಮುಚ್ಚಳ ತೆಗೆದಳು. ನಾಲ್ಕು ದಿನ ಹಳದಿಯ ಮೇಲೆ ನೀಲಿ ಬಳಿದಳು, ಐದು ದಳವನ್ನು ನಾಲ್ಕು ಮಾಡಿದಳು, ಮೂವತ್ತೆಂಟು ಸಲ. ಕೊನೆಗೆ ಬಲತುದಿಗೆ ಬಂದು ಕೇಳಿದಳು:

"ಅಕ್ಕ, ನಿಮ್ಮ ಕೈಲಿರೋದು?"

"ಅಳಿಸಿಬಿಡಮ್ಮ. ಖಾಲಿ ಕೈ ಇರ್ಲಿ."

ಗಂಡನಿಗೆ ಮನೆಯಲ್ಲಿ ಎಲ್ಲ ಹೇಳಿದಾಗ ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟ. ಅಂಗಡಿಗಳಲ್ಲಿ ತಾನು ಹೇಳಿಕೊಂಡು ಬಂದದ್ದೆಲ್ಲ ನೆನಪಾಗಿರಬೇಕು. "ಹೋಗ್ಲಿ ಬಿಡು," ಎಂದ. "ಹೇಳಿದ್ಯಲ್ಲ, ಅಷ್ಟು ಸಾಕು." ಅವಳಿಗೂ ಸಾಕೆನ್ನಿಸಿತು. ಬೀದಿಯವರು ಎರಡು ದಿನ ಮೂಗು ಮುರಿದಾರು, ಮೂರನೆಯ ದಿನ ಮರೆತಾರು. ಅಜ್ಜಿಯ ನೀಲಿ ಅಜ್ಜಿಗೆ ಸಿಕ್ಕಿತಲ್ಲ ಎಂದು ಆ ನಾಲ್ಕು ದಿನ ಅವಳು ನಿರಾಳವಾಗಿ ಉಂಡಳು.

ಉದ್ಘಾಟನೆಯ ದಿನ ಸಾರುವೆ ಬಿಚ್ಚಿ, ಗೋಡೆಯ ಮುಂದೆ ಕುರ್ಚಿ ಹಾಕಿದರು. ಹಿಂದಿನ ವಾರವೆಲ್ಲ ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದ ಕದಿರಜ್ಜಿಯನ್ನು ಸೊಸೆ ಕೈಹಿಡಿದು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದಳು. ಟೀಚರು ಮೈಕಿನಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ನಾವೆಲ್ಲ ತಪ್ಪು ಮಾಡಿದೆವು, ಮೊದಲಿನಿಂದ ಸರಿಯಾಗಿ ಹೇಳಿದವರು ಇವರೊಬ್ಬರೇ ಎಂದು ಅಜ್ಜಿಯ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಮೈಕು ಅಜ್ಜಿಯ ಬಾಯಿಯ ಹತ್ತಿರ ಬಂತು.

ಅಜ್ಜಿ ಗೋಡೆಯನ್ನು ಎಡದಿಂದ ಬಲಕ್ಕೆ ನೋಡಿದಳು. ಎಡದಿಂದ ನಾಲ್ಕನೆಯವಳ ಮೇಲೆ ಕಣ್ಣು ನಿಂತಿತು.

"ಇದೇನಿದು, ನೀಲಿ ಬಳಿದುಬಿಟ್ಟಿದ್ದಾರೆ?" ಎಂದಳು. "ಅದು ಹಳದಿ ಅಲ್ವಾ?"

ಜನ ನಕ್ಕರು. ಕೆಟ್ಟ ನಗುವಲ್ಲ, ಮುದುಕರ ಮಾತಿಗೆ ನಗುವ ನಗು. ಸೊಸೆ "ಅತ್ತೆ, ನೀವೇ ನೀಲಿ ಅಂದಿದ್ದು" ಎಂದಳು. "ನಾನೆಲ್ಲಿ ಅಂದೆ?" ಎಂದು ಅಜ್ಜಿ ರೇಗಿದಳು. ಟೀಚರು ಮೈಕು ತೆಗೆದುಕೊಂಡು ಮುಂದಿನ ಮಾತಿಗೆ ಹೋದರು.

ಜನ ಕರಗಿದ ಮೇಲೆ ಕಳೆಯಕ್ಕ ಅಜ್ಜಿಯನ್ನು ಮೆಲ್ಲಗೆ ಎಬ್ಬಿಸಿ, ಗೋಡೆಯ ಬಲತುದಿಗೆ ನಡೆಸಿಕೊಂಡು ಹೋದಳು. ಗಿಡದಲ್ಲಿ ಈಗ ಆರು ಹೂ ಇದ್ದವು. ಕುರ್ಚಿಯೊಂದನ್ನು ಎಳೆದು ಅಜ್ಜಿಯನ್ನು ಅದರ ಎದುರಿಗೇ ಕೂರಿಸಿದಳು. ಒಂದು ಎಲೆ ಚಿವುಟಿ, ಹಿಸುಕಿ, ಅಜ್ಜಿಯ ಮೂಗಿನ ಹತ್ತಿರ ಹಿಡಿದಳು.

"ನೋಡಿ ಅಜ್ಜಿ. ಗೋಡೆಮಿಣುಕು."

ಅಜ್ಜಿ ಬಗ್ಗಿ ನೋಡಿದಳು. ತಲೆ ಅಲ್ಲಾಡಿಸಿದಳು.

"ಅಲ್ವೇ. ಇದು ಯಾವ್ದೋ ಕಳೆ. ಕಿತ್ತಾಕು, ಅದೇ ಅಲ್ವಾ ನಿನ್ನ ಕೆಲಸ?"

"ಇಲ್ಲ ಅಜ್ಜಿ, ಇದೇ ಅದು. ನೀವು ಹೇಳಿದ್ದೇ ಸರಿ. ಹಳದಿ ಅಂತ ನಾನು ಸುಳ್ಳು ಹೇಳಿದ್ದು. ನಾನು ಆ ಹೂ ನೋಡೇ ಇರ್ಲಿಲ್ಲ."

ಅಜ್ಜಿ ಅವಳ ಮಣ್ಣು ಮೆತ್ತಿದ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ದನಿಯಲ್ಲಿ ಅಷ್ಟು ಕನಿಕರ ಕಳೆಯಕ್ಕ ಬಹಳ ವರ್ಷದಿಂದ ಕೇಳಿರಲಿಲ್ಲ.

"ಹಂಗನ್ಬೇಡ ಮಗಳೇ. ನೀನು ಹಳದಿ ಅಂತಾನೇ ಹೇಳಿದ್ದೆ, ನಂಗೆ ಚೆನ್ನಾಗಿ ನೆನಪಿದೆ. ನಿನ್ನ ಮಾತು ಯಾರೂ ಕೇಳ್ಲಿಲ್ವೇನೇ?"

"ಕೇಳಿದ್ರು ಅಜ್ಜಿ," ಎಂದಳು ಕಳೆಯಕ್ಕ. "ಎಲ್ರೂ ಕೇಳಿದ್ರು."